ಅವನು ಕೂತಾಗಲೇ ನಿಲ್ಲುವ ಕಾರು

"ಬ್ರೇಕ್ ಯಾಕೆ ಒತ್ತಿದ್ರೀ?!"

ಅವಳ ಕೂಗಿಗೆ ಅವನು ಬೆಚ್ಚಿಬಿದ್ದ.

ನಾಲ್ಕು ರಸ್ತೆ ಸೇರುವ ಜಾಗ. ಸರಿಯಾಗಿ ಅದರ ನಟ್ಟನಡುವೆ ಕಾರು ನಿಂತುಬಿಟ್ಟಿತ್ತು. ಹಿಂದೊಂದು ಬಸ್ಸು, ಪಕ್ಕದಲ್ಲೊಂದು ಲಾರಿ... ಎಲ್ಲರೂ ಒಟ್ಟಿಗೇ ಹಾರ್ನ್ ಹೊಡೆಯುತ್ತಿದ್ದರು. ಸ್ಕೂಟರಿನವನೊಬ್ಬ ಕಿಟಕಿಗೆ ಬಗ್ಗಿ ಏನೋ ಬೈದು ಹೋದ.

"ನಾನು ಒತ್ತಿಲ್ಲ ಮೇಡಂ..."

"ಮತ್ತೆ? ಕಾರಿಗೆ ಸುಸ್ತಾಯ್ತಾ? ತಾನಾಗೇ ನಿಂತು ಉಸಿರು ತಗೊಳ್ತಿದೆಯಾ?"

ಅವನ ಕಿವಿಗಳು ಕೆಂಪಾದವು. ಆದರೂ ಮಾತು ಬದಲಿಸಲಿಲ್ಲ. "ಯಾಕೆ ನಿಂತಿತೋ ಗೊತ್ತಿಲ್ಲ ಮೇಡಂ. ಆದ್ರೆ ನಾನು ಒತ್ತಿಲ್ಲ."

ಪರದೆಯ ಮೇಲೆ ಕೆಂಪು ಅಕ್ಷರಗಳೇನೋ ಮೂಡಿದ್ದವು. ಅವಳು ಓದುವಷ್ಟರಲ್ಲಿ ಮಾಯವಾದವು. ಅವಳು ಕಾರನ್ನು ಆಫ್ ಮಾಡಿ ಮತ್ತೆ ಆನ್ ಮಾಡಿದಳು. ಏನೂ ಆಗಿಯೇ ಇಲ್ಲವೆಂಬಂತೆ ಅದು ಸದ್ದಿಲ್ಲದೆ ಮುಂದೆ ಸಾಗಿತು.

ಅವರಿಬ್ಬರ ಮೊದಲ ಭೇಟಿ ಹೀಗೆ, ಬೈಗುಳದೊಂದಿಗೇ ಆಯಿತು.

ಅವಳು ಡ್ರೈವಿಂಗ್ ಸ್ಕೂಲಿನ ಟೀಚರ್. ಸ್ಕೂಲು ಅವಳ ಅಪ್ಪನದು. ಮಂಡಿನೋವು ಶುರುವಾದ ಮೇಲೆ ಅಪ್ಪ ಕುರ್ಚಿಗೆ ಅಂಟಿಕೊಂಡಿದ್ದರು. ರಸ್ತೆ, ಶಿಷ್ಯರು, ಟೆಸ್ಟು ಎಲ್ಲವೂ ಅವಳ ಹೆಗಲಿಗೆ ಬಂದಿತ್ತು. ಇದ್ದದ್ದು ಒಂದೇ ಕಾರು. ಅದೂ ಎಲೆಕ್ಟ್ರಿಕ್. ಅಪ್ಪ ಬೇಡವೆಂದರೂ ಅವಳೇ ಹಟ ಹಿಡಿದು ತಂದದ್ದು. ಅಪ್ಪ ಅದನ್ನು ಇವತ್ತಿಗೂ 'ಚಕ್ರದ ಫ್ರಿಜ್ಜು' ಎಂದೇ ಕರೆಯುತ್ತಿದ್ದರು.

ಅವನು? ಕಿವಿ ಸರಿಯಾಗಿ ಕೇಳದವರಿಗೆ ಶ್ರವಣಯಂತ್ರ ಹೊಂದಿಸಿ ಕೊಡುವವನು. ಮೆಲುಮಾತಿನವನು. ಎತ್ತರ ಎಷ್ಟೆಂದರೆ, ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿದರೂ ಮಂಡಿ ಸ್ಟಿಯರಿಂಗಿಗೆ ತಾಗುತ್ತಿತ್ತು. ಮೊದಲ ದಿನವೇ ಅಪ್ಪ ಅವನಿಗೆ 'ಜಿರಾಫೆ' ಎಂದು ಹೆಸರಿಟ್ಟಿದ್ದರು.

"ಓಡಾಡೋಕಾಗದ ವಯಸ್ಸಾದವರ ಮನೆಗೇ ಹೋಗಿ ಮಷಿನ್ ಹಾಕೋ ಕೆಲಸ ಕೊಟ್ಟಿದ್ದಾರೆ ಮೇಡಂ. ಲೈಸೆನ್ಸ್ ಸಿಕ್ಕಿದ್ರೆ ಮಾತ್ರ ಕೆಲಸ ಕಾಯಂ. ಇಲ್ಲಾಂದ್ರೆ ಬೇರೆಯವರನ್ನ ತಗೋತಾರೆ."

"ಬ್ರೇಕ್ ಮೇಲಿಂದ ಕಾಲು ತೆಗೆದ್ರೆ ಲೈಸೆನ್ಸ್ ಸಿಗುತ್ತೆ" ಎಂದಿದ್ದಳು ಅವಳು, ಮುಖ ಗಂಟಿಕ್ಕಿಕೊಂಡೇ.

ಆದರೆ ಕಾರು ನಿಲ್ಲುವುದು ನಿಲ್ಲಲಿಲ್ಲ.

ಸೇತುವೆಯ ಮೇಲೊಮ್ಮೆ. ಶಾಲೆಯ ಗೇಟಿನೆದುರು ಇನ್ನೊಮ್ಮೆ. ಆ ಕೆಂಪು ಅಕ್ಷರಗಳು ಪ್ರತಿ ಸಲವೂ ಓದುವ ಮೊದಲೇ ಮಾಯ. ದಿನಾ ಅಲ್ಲ, ಆದರೆ ಅವನು ಕೂತಾಗಲೇ! ಬೇರೆ ಯಾರೇ ಓಡಿಸಲಿ, ಕಾರು ಬೆಣ್ಣೆಯಂತೆ ಸಾಗುತ್ತಿತ್ತು.

ಅವಳು ಸರ್ವೀಸ್ ಸೆಂಟರಿಗೆ ಒಯ್ದಳು. ದೀಪ, ಪರದೆಗಳಿಗೆ ಕರೆಂಟು ಕೊಡುವ ಚಿಕ್ಕ ಬ್ಯಾಟರಿ ಹಳೆಯದಾಗಿದೆ ಎಂದು ಬದಲಾಯಿಸಿದರು. ಮತ್ತೆ ನಿಂತಿತು. ಸಾಫ್ಟ್‌ವೇರ್ ಹೊಸದು ಹಾಕಿದರು. ಮತ್ತೆ ನಿಂತಿತು. ಮೂರನೆಯ ಸಲ ಹೋದಾಗ ಅಲ್ಲಿನ ಮ್ಯಾನೇಜರ್ ತಾನೇ ಒಂದು ಸುತ್ತು ಓಡಿಸಿ ಬಂದು ನಕ್ಕ.

"ಕಾರು ಗಟ್ಟಿಮುಟ್ಟಾಗಿದೆ ಮೇಡಂ. ಓಡಿಸೋರನ್ನ ಒಂದ್ಸಲ ಸರ್ವೀಸಿಗೆ ಬಿಡಿ!"

ಅವಳೂ ನಕ್ಕಿದ್ದಳು. ಆ ನಗು ಮುಂದೆ ಮುಳ್ಳಾಗುತ್ತದೆಂದು ಆಗ ತಿಳಿದಿರಲಿಲ್ಲ.

ಇಷ್ಟಾದರೂ ಅವನ ಕ್ಲಾಸನ್ನು ಅವಳು ಸಂಜೆಯ ಕೊನೆಯ ಕ್ಲಾಸಾಗಿ ಮಾಡಿಕೊಂಡಿದ್ದಳು. ಆಮೇಲೆ ಬೇರೆ ಶಿಷ್ಯರಿಲ್ಲ, ಅವಸರವಿಲ್ಲ... ಕಾರಣ ಅಷ್ಟೇ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಸಿಗ್ನಲ್ಲಿನಲ್ಲಿ ಕಾಯುವಾಗ ಅವನು ತನ್ನ ಕೆಲಸದ ಬಗ್ಗೆ ಹೇಳುತ್ತಿದ್ದ.

"ಇವತ್ತೊಬ್ಬರು ತಾತ ಬಂದಿದ್ರು. ಮಷಿನ್ ಹಾಕಿಸ್ಕೊಂಡು ಮನೆಗೆ ಹೋದ ತಕ್ಷಣ ಏನಂದ್ರು ಗೊತ್ತಾ? 'ಅಯ್ಯೋ, ನಮ್ಮನೆ ಫ್ಯಾನು ಇಷ್ಟು ಗಲಾಟೆ ಮಾಡುತ್ತಾ!' ಅಂತ ಮನೆಯಿಂದ ಫೋನ್ ಮಾಡಿದ್ರು. ಅವರ ಹೆಂಡತಿ ಹಿಂದಿನಿಂದ, 'ಫ್ಯಾನ್ ಅಲ್ಲ ರೀ, ನಿಮ್ಮ ಗೊರಕೆ ನಿಮಗೆ ಕೇಳಿಸಬೇಕಿತ್ತು' ಅಂತಿದ್ರು."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಹಸಿರು ದೀಪ ಬಂದದ್ದೂ ಇಬ್ಬರಿಗೂ ಕಾಣಲಿಲ್ಲ.

'ಏನಾಗ್ತಿದೆ ನನಗೆ? ಶಿಷ್ಯ ಅಷ್ಟೇ ಅವನು... ಬರೀ ಶಿಷ್ಯ!'

ಮೊದಲ ಟೆಸ್ಟಿನಲ್ಲಿ ಕಾರು ಮತ್ತೆ ನಿಂತಿತು. ಅವನು ಫೇಲಾದ. ಗಾಬರಿಯಲ್ಲಿ ಬ್ರೇಕ್ ಒತ್ತಿದನೇನೋ ಎಂದು ಅವಳು ಭಾವಿಸಿದಳು.

ಆದರೆ ಅದಾದ ಕೆಲವೇ ದಿನಕ್ಕೆ, ಒಂದು ರಸ್ತೆ ಉಬ್ಬು ದಾಟುವಾಗ, ಅವಳ ದೃಷ್ಟಿ ಆಕಸ್ಮಿಕವಾಗಿ ಅವನ ಕಾಲಿನ ಮೇಲಿತ್ತು. ಬ್ರೇಕಿನಿಂದ ಅವನ ಪಾದ ಗೇಣುದ್ದ ದೂರವಿತ್ತು. ಆಗಲೇ ಕಾರು ತಾನಾಗಿ ನ್ಯೂಟ್ರಲ್ಲಿಗೆ ಬಿದ್ದು ನಿಂತಿತು!

"ನೋಡಿದೆ!" ಎಂದು ಅವಳು ಕೂಗಿದಳು. "ನಾನು ಕಣ್ಣಾರೆ ನೋಡಿದೆ! ನೀವು ಒತ್ತಿಲ್ಲ! ಇಷ್ಟು ದಿನ ಸುಮ್ಮಸುಮ್ಮನೆ ಬೈದೆನಲ್ಲ ನಿಮ್ಮನ್ನ..."

ಅವನು ಸ್ಟಿಯರಿಂಗಿಗೆ ಹಣೆ ಒತ್ತಿದ.

"ಥ್ಯಾಂಕ್ಸ್ ಮೇಡಂ. ನನಗೇ ನನ್ನ ಕಾಲಿನ ಮೇಲೆ ಅನುಮಾನ ಬರೋಕೆ ಶುರುವಾಗಿತ್ತು."

"ಇನ್ನೊಂದು ಟೆಸ್ಟಿಗೆ ಧೈರ್ಯವಾಗಿ ಬನ್ನಿ. ಮತ್ತೆ ಹೀಗಾದ್ರೆ ಇನ್ಸ್‌ಪೆಕ್ಟರಿಗೆ ನಾನೇ ಹೇಳ್ತೀನಿ. ಮಾತು ಕೊಡ್ತೀನಿ."

ಕಾರನ್ನು ಬಿಚ್ಚಿ ನೋಡಲು ಕೆಲವು ದಿನ ಬಿಟ್ಟುಹೋಗಬೇಕು ಎಂದು ಸರ್ವೀಸ್ ಸೆಂಟರಿನವರು ಹೇಳಿದರು. ಇರುವುದೊಂದೇ ಕಾರು, ಟೆಸ್ಟಿಗೆ ಹೊರಟ ಬ್ಯಾಚು ಬೇರೆ... ಟೆಸ್ಟ್ ಮುಗಿಯಲಿ ಎಂದು ಅವಳು ಮುಂದೂಡಿದಳು.

ಆ ದಿನ ಬಂತು.

ಟೆಸ್ಟ್ ಮೈದಾನದ ಬೇಲಿಯ ಪಕ್ಕ ಅವಳ ಶಿಷ್ಯರೆಲ್ಲ ಸಾಲಾಗಿ ನಿಂತಿದ್ದರು. ಅವನು ಇನ್ಸ್‌ಪೆಕ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟ. ತಿರುವು ಚೆನ್ನಾಗಿ ತೆಗೆದ. ಹಿಂದಕ್ಕೆ ತೆಗೆದು ನಿಲ್ಲಿಸಿದ್ದೂ ಚೊಕ್ಕವಾಗಿತ್ತು. ದಿಬ್ಬ ಹತ್ತುವಾಗ...

ಕಾರು ನಿಂತಿತು. ಮೆಲ್ಲಗೆ ಹಿಂದಕ್ಕೆ ಜಾರಿತು.

ಇನ್ಸ್‌ಪೆಕ್ಟರ್ ಕೋಪದಿಂದ ಇಳಿದು ಬಂದರು. ಅವನೂ ಹಿಂದೆಯೇ ಬಂದ. ಅವನ ಮುಖದಲ್ಲಿ ಗಾಬರಿಯಿರಲಿಲ್ಲ. ಅವಳು ಅಲ್ಲಿದ್ದಳಲ್ಲ, ಮಾತು ಕೊಟ್ಟಿದ್ದಳಲ್ಲ.

"ಏನಮ್ಮ, ಗಾಡಿ ತಾನಾಗೇ ನಿಂತಿತು ಅಂತಾರೆ ಇವರು. ಗಾಡೀಲಿ ದೋಷ ಇದೆಯಾ? ಇದ್ರೆ ಈಗ್ಲೇ ಹೇಳು. ಅದು ಪೂರ್ತಿ ತಪಾಸಣೆ ಆಗೋವರೆಗೂ ನಿಮ್ಮ ಸ್ಕೂಲಿನವರು ಯಾರೂ ಟೆಸ್ಟಿಗೆ ಬರೋ ಹಾಗಿಲ್ಲ. ಇವತ್ತಿನ ಬ್ಯಾಚೂ ವಾಪಸ್."

ಶಿಷ್ಯರೆಲ್ಲ ಅವಳ ಕಡೆ ತಿರುಗಿದರು. ಕೆಲಸಕ್ಕೆ ರಜೆ ಹಾಕಿ ಬಂದ ನರ್ಸು. ಗಂಡನಿಗೆ ಹೇಳದೆ ಕಲಿಯುತ್ತಿದ್ದ ಹೆಂಗಸು. ಸ್ಕೂಲಿನ ಬಾಗಿಲಿನ ಮೇಲೆ ಅಪ್ಪ ತಾವೇ ಕೈಯಾರೆ ಬರೆದ ಬೋರ್ಡು ಕಣ್ಣ ಮುಂದೆ ಬಂತು. 'ನಾನು ಹೇಳಿರಲಿಲ್ವಾ?' ಎನ್ನುವ ಅಪ್ಪನ ದನಿಯೂ ಕೇಳಿದಂತಾಯಿತು.

"ಇಲ್ಲ ಸಾರ್" ಎಂದಳು. "ಗಾಡಿಗೇನೂ ಆಗಿಲ್ಲ."

"ಮತ್ತೆ ನಿಂತದ್ದು?"

"ಇವರಿಗೆ... ಭಯ ಜಾಸ್ತಿ ಸಾರ್. ಯಾವುದರ ಮೇಲೆ ಕಾಲಿಡಬೇಕು ಅಂತ ಇನ್ನೂ ಗೊಂದಲ ಇದೆ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಅವನು ಅವಳನ್ನೇ ನೋಡುತ್ತಿದ್ದ. ಅವಳು ಕಾರಿನ ಟೈರನ್ನು ನೋಡುತ್ತಿದ್ದಳು. ತಲೆಯೆತ್ತಿದರೆ ಎಲ್ಲಿ ಆ ಕಣ್ಣುಗಳು ಸಿಕ್ಕಿಬಿಡುತ್ತವೋ...

"ಹೌದು ಸಾರ್" ಎಂಬ ಅವನ ಮೆಲುದನಿ ಕೇಳಿಸಿತು. "ತಪ್ಪು ನನ್ನದೇ."

ಅಷ್ಟು ಹೇಳಿ ಅವನು ಗೇಟಿನ ಕಡೆ ನಡೆದ. ಅವಳ ಕಾರಿನಲ್ಲಿ ವಾಪಸ್ ಬರಲಿಲ್ಲ. ಬಸ್ ಸ್ಟಾಪಿನಲ್ಲಿ ಎಲ್ಲರಿಗಿಂತ ಒಂದು ತಲೆ ಎತ್ತರಕ್ಕೆ ನಿಂತಿದ್ದವನನ್ನು ಅವಳು ಕನ್ನಡಿಯಲ್ಲಿ ನೋಡಿದಳು. ಕಾರು ನಿಲ್ಲಿಸಲಿಲ್ಲ. ನಿಲ್ಲಿಸಿ ಏನೆಂದು ಕರೆಯುವುದು? ಯಾವ ಮುಖ ಹೊತ್ತು?

ಮನೆಯಲ್ಲಿ ಅಪ್ಪ ಎಲ್ಲವನ್ನೂ ಕೇಳಿ ತೊಡೆ ತಟ್ಟಿದರು.

"ಭೇಷ್ ಮಗಳೇ! ಸ್ಕೂಲಿನ ಮಾನ ಉಳಿಸಿದೆ. ಆ ಜಿರಾಫೆ ಒಬ್ಬ ಹೋದ್ರೆ ಹೋಗ್ಲಿ ಬಿಡು."

ಆ ಶಹಬ್ಬಾಸ್‌ಗಿರಿ ಕೆನ್ನೆಗೆ ಬಿದ್ದ ಏಟಿನಂತಿತ್ತು. ಮುಖ ತೊಳೆಯಲು ಹೋದವಳು ಕನ್ನಡಿ ನೋಡದೆ ಹೊರಬಂದಳು.

'ಕಣ್ಣಾರೆ ನೋಡಿದ್ದೆ. ಗೊತ್ತಿದ್ದೂ ಸುಳ್ಳು ಹೇಳಿದೆ. ಅವನಿಗೆ ಬಯ್ಯೋಕೂ ಅವಕಾಶ ಕೊಡದೆ... ಅವನ ಬಾಯಲ್ಲೇ ತಪ್ಪು ಒಪ್ಪಿಸಿದೆ!'

ಅವನು ಮತ್ತೆ ಕ್ಲಾಸಿಗೆ ಬರಲಿಲ್ಲ. ಅವಳು ಫೋನ್ ಎತ್ತಿಕೊಂಡು ಅವನ ನಂಬರ್ ತೆಗೆಯುವಳು, ಮತ್ತೆ ಮೇಜಿನ ಮೇಲಿಡುವಳು.

ಸಂಜೆಯ ಆ ಕೊನೆಯ ಕ್ಲಾಸಿನ ಹೊತ್ತು ಖಾಲಿಯಾಗಿಯೇ ಉಳಿಯಿತು. ಒಂದು ಸಂಜೆ, ಬಿಸಿಲು ಇನ್ನೂ ಇರುವಾಗಲೇ, ಅವಳು ಕಾರು ತೆಗೆದುಕೊಂಡು ಅವನು ಅಭ್ಯಾಸ ಮಾಡುತ್ತಿದ್ದ ಖಾಲಿ ಮೈದಾನಕ್ಕೆ ಹೋದಳು. ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಆಮೇಲೆ ಯಾಕೋ, ಅವನು ಕೂರುತ್ತಿದ್ದ ಹಾಗೆಯೇ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿದಳು. ಅಲ್ಲಿಂದ ರಸ್ತೆ ಅವನಿಗೆ ಹೇಗೆ ಕಾಣುತ್ತಿತ್ತೋ ನೋಡಬೇಕೆನಿಸಿತ್ತು, ಅಷ್ಟೇ.

ಕಾಲು ಚಾಚಿದರೆ ಬೆರಳ ತುದಿಯಷ್ಟೇ ಪೆಡಲಿಗೆ ತಾಗಿತು. ಮೆಲ್ಲಗೆ ಹೊರಟಳು. ಒಂದು ಗುಂಡಿ ಬಂತು, ಕಾರು ಕುಲುಕಿತು.

ನಿಂತುಬಿಟ್ಟಿತು!

ಈ ಸಲ ಅವಳು ಅಲುಗಾಡಲಿಲ್ಲ. ಪರದೆಯ ಕೆಂಪು ಅಕ್ಷರಗಳೂ ಮಾಯವಾಗಲಿಲ್ಲ.

'ಚಾಲಕರ ಸೀಟು ಖಾಲಿ ಇದೆ.'

ಅವಳು ಮತ್ತೆ ಮತ್ತೆ ಓದಿದಳು. ಖಾಲಿ? ನಾನು ಕೂತಿದ್ದೇನಲ್ಲ!

ಸೀಟನ್ನು ಮುಂದಕ್ಕೆ ಎಳೆದಳು. ಅದೇ ಗುಂಡಿಯ ಮೇಲೆ ಎಷ್ಟು ಸಲ ಹೋದರೂ ಕಾರು ನಿಲ್ಲಲಿಲ್ಲ. ಹಿಂದಕ್ಕೆ ತಳ್ಳಿದಳು. ನಿಂತಿತು. ಮುಂದೆ, ಸರಿ. ಹಿಂದೆ, ನಿಂತಿತು!

ಅವಳು ಕುಳ್ಳಿ. ಮ್ಯಾನೇಜರನೂ ಕುಳ್ಳ. ಶಿಷ್ಯರಲ್ಲಿ ಯಾರಿಗೂ ಅಷ್ಟು ಹಿಂದೆ ಸೀಟು ಬೇಕಿರಲಿಲ್ಲ. ಬೇಕಾಗಿದ್ದದ್ದು ಅವನೊಬ್ಬನಿಗೆ. ಇಷ್ಟು ದಿನ ಆ ಮನುಷ್ಯ ಸೀಟಿನ ತುಂಬ ಕೂತಿದ್ದ, ಕಾರು ಅಲ್ಲಿ ಯಾರೂ ಇಲ್ಲ ಎನ್ನುತ್ತಿತ್ತು. ಮತ್ತು ಅವಳು... ಕಾರಿನ ಮಾತನ್ನೇ ನಂಬಿದ್ದಳು. ನಂಬದಿದ್ದ ದಿನವೂ ಅದರ ಪರವಾಗಿಯೇ ನಿಂತಿದ್ದಳು.

ಸ್ಟಿಯರಿಂಗ್ ಅಪ್ಪಿಕೊಂಡು ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಮರುದಿನ ಸರ್ವೀಸ್ ಸೆಂಟರಿನಲ್ಲಿ ಅವಳು ಮ್ಯಾನೇಜರನನ್ನು ಮಾತಾಡಲು ಬಿಡಲಿಲ್ಲ. "ಸೀಟು ಪೂರ್ತಿ ಹಿಂದೆ ಹಾಕಿ, ಆಮೇಲೆ ಓಡಿಸಿ" ಎಂದಳು. ಅವನು ಗೇಟು ದಾಟುವ ಮೊದಲೇ ಕಾರು ನಿಂತಿತು. ನಗು ಅಲ್ಲಿಗೇ ಆರಿತು.

ಅಲ್ಲಿನ ಎಲೆಕ್ಟ್ರಿಷಿಯನ್ ಒಬ್ಬ ಹೆಂಗಸು. ಸೀಟಿನ ಬೋಲ್ಟುಗಳನ್ನು ಬಿಚ್ಚಿ, ಸೀಟನ್ನೇ ಎತ್ತಿ ಪಕ್ಕಕ್ಕಿಟ್ಟಳು. ಟಾರ್ಚ್ ಹಿಡಿದು ಕರೆದಳು.

"ಇಲ್ನೋಡಿ ಮೇಡಂ. ಯಾರಾದ್ರೂ ಕೂತಿದ್ದಾರೆ ಅಂತ ಕಾರಿಗೆ ತಿಳಿಸೋ ವೈರು ಇದು. ಸೀಟು ಕೊನೇವರೆಗೂ ಹಿಂದೆ ಹೋದಾಗ ಈ ಕಂಬಿಯ ಕೆಳಗೆ ಸಿಕ್ಕಿಹಾಕ್ಕೊಳ್ಳುತ್ತೆ. ಉಜ್ಜಿ ಉಜ್ಜಿ ಒಳಗಿನ ತಾಮ್ರ ಎಳೆ ಎಳೆ ಬಿಟ್ಟಿದೆ. ಕುಲುಕಿದಾಗ ಸಂಪರ್ಕ ತಪ್ಪುತ್ತೆ. ಕಾರು, ಡ್ರೈವರ್ ಎದ್ದುಹೋದ್ರು ಅಂದ್ಕೊಂಡು ನಿಂತುಬಿಡುತ್ತೆ."

"ಅಂದ್ರೆ... ಓಡಿಸೋರ ತಪ್ಪು ಏನೂ ಇಲ್ಲ?"

"ಪಾಪ, ಅವರೇನು ಮಾಡ್ತಾರೆ? ಉದ್ದ ಇರೋದು ತಪ್ಪಾ?"

ಆ ಮಾತಿಗೆ ಅವಳ ಕಣ್ಣು ಮತ್ತೆ ತುಂಬಿತು.

ಎಲೆಕ್ಟ್ರಿಷಿಯನ್ ಹೊಸ ವೈರು ಹಾಕಿ, ಮೇಲೆ ದಪ್ಪ ಕವಚ ತೊಡಿಸಿ, ಕಂಬಿಗೆ ತಾಗದಂತೆ ಬೇರೆ ದಾರಿಯಲ್ಲಿ ಎಳೆದು ಕಟ್ಟಿದಳು. ಸೀಟನ್ನು ಹಿಂದೆ ಮುಂದೆ ಆಡಿಸಿದರು, ಕುಲುಕಿದರು, ಗುಂಡಿಗಳ ಮೇಲೆ ಓಡಿಸಿದರು. ಕಾರು ಎಲ್ಲೂ ನಿಲ್ಲಲಿಲ್ಲ.

ಕಾರಿನ ದೋಷ ಸರಿಹೋಯಿತು. ಅವಳದು?

"ಅಪ್ಪ, ನಾಳೆ ಇನ್ಸ್‌ಪೆಕ್ಟರ್ ಹತ್ರ ಹೋಗಿ ನಿಜ ಹೇಳ್ತೀನಿ."

ಅಪ್ಪ ಸಿಡಿದರು. "ತಲೆ ಕೆಟ್ಟಿದೆಯಾ? ಸರಿಹೋಯ್ತಲ್ಲ, ಬಾಯಿ ಮುಚ್ಕೊಂಡಿರು! ಸ್ಕೂಲಿಗೆ ಬೀಗ ಹಾಕಿಸ್ತೀಯಾ?"

"ಸುಳ್ಳು ಹೇಳಿ ಉಳಿಸಿದ ಸ್ಕೂಲಲ್ಲಿ ನಾನು ಏನಂತ ಪಾಠ ಮಾಡ್ಲಿ ಅಪ್ಪ? ನನಗೆ... ನನಗೆ ನಾಚಿಕೆ ಆಗ್ತಿದೆ. ತಡೆಯೋಕಾಗ್ತಿಲ್ಲ."

ಅಪ್ಪ ಮುಖ ತಿರುಗಿಸಿದರು. ಆದರೆ ಬೆಳಿಗ್ಗೆ ಅವಳು ಹೊರಟಾಗ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೋಲು ಹಿಡಿದು ಕಾರಿನ ಹತ್ತಿರ ನಿಂತಿದ್ದರು.

"ಬೋರ್ಡಿನ ಮೇಲಿರೋದು ನನ್ನ ಹೆಸರು. ಬೈಸ್ಕೊಳ್ಳೋದಿದ್ರೆ ನನಗೂ ಪಾಲಿದೆ. ಬಾಗಿಲು ತೆಗಿ."

ಟೆಸ್ಟ್ ಮೈದಾನಕ್ಕೆ ಅಂದಿನ ಶಿಷ್ಯರನ್ನೂ ಬರಹೇಳಿದ್ದಳು. ಎಲ್ಲರ ಮುಂದೆ ಆಡಿದ ಸುಳ್ಳನ್ನು ಮೂಲೆಯಲ್ಲಿ ಪಿಸುಗುಟ್ಟಿ ತಿದ್ದಿಕೊಳ್ಳುವುದು ಅವಳಿಗೆ ಬೇಕಿರಲಿಲ್ಲ.

"ಸಾರ್, ಅವತ್ತು ಗಾಡೀಲಿ ದೋಷ ಇತ್ತು. ನನಗೆ ಗೊತ್ತಿತ್ತು. ಗೊತ್ತಿದ್ದೂ ಇಲ್ಲ ಅಂದೆ. ಅವರ ಕಾಲು ಬ್ರೇಕ್ ಮೇಲೆ ಇರಲಿಲ್ಲ. ಅವರು ಚೆನ್ನಾಗಿಯೇ ಓಡಿಸಿದ್ರು. ತಪ್ಪು ನನ್ನದು."

ಇನ್ಸ್‌ಪೆಕ್ಟರ್ ಬೈದರು. ತುಂಬ ಹೊತ್ತು, ಎಲ್ಲರೆದುರೇ ಬೈದರು. ಕಾರು ತಪಾಸಣೆ ಮುಗಿಸುವವರೆಗೆ ಸ್ಕೂಲಿನ ಟೆಸ್ಟುಗಳೆಲ್ಲ ಬಂದ್ ಎಂದರು. ಕೊನೆಗೆ, "ಆ ಎತ್ತರದವರಿಗೆ ಹೇಳು, ಅವತ್ತಿನ ಫೇಲು ರದ್ದು. ಮತ್ತೆ ಟೆಸ್ಟಿಗೆ ಬರ್ಲಿ" ಎಂದರು.

ಅವಳು ನೇರ ಅವನ ಕೆಲಸದ ಜಾಗಕ್ಕೆ ಹೋದಳು.

ಚಿಕ್ಕ ಕೋಣೆ. ಗೋಡೆಗೆ ಸದ್ದು ಹೀರುವ ಹಲಗೆಗಳು. ಅವನು ಒಬ್ಬ ಅಜ್ಜಿಯ ಕಿವಿಗೆ ಮಷಿನ್ ಹಾಕಿ, ಕಂಪ್ಯೂಟರಿನಲ್ಲಿ ಏನೋ ಹೊಂದಿಸುತ್ತಿದ್ದ. ಬಾಗಿಲಲ್ಲಿ ಅವಳನ್ನು ಕಂಡು ಅವನ ಬೆರಳು ನಿಂತಿತು.

"ಕೆಲಸದಲ್ಲಿದ್ದೀನಿ ಮೇಡಂ."

"ಕಾಯ್ತೀನಿ" ಎಂದಳು.

"ಯಾರಪ್ಪ ಈ ಹುಡುಗಿ?" ಅಜ್ಜಿ ತಿರುಗಿ ನೋಡಿದರು. "ಬಾಮ್ಮ, ಇಲ್ಲಿ ಕೂತ್ಕೋ. ಇವನ ದನಿ ಕೇಳಿ ಕೇಳಿ ಸಾಕಾಯ್ತು. ನೀನು ಏನಾದ್ರೂ ಮಾತಾಡು, ನನಗೆ ಕೇಳಿಸುತ್ತಾ ನೋಡೋಣ."

ಅವಳು ಅಜ್ಜಿಯ ಎದುರು ಕೂತಳು. ಕಣ್ಣು ಮಾತ್ರ ಅವನ ಮೇಲೆ.

"ನಾನು... ಒಬ್ಬರಿಗೆ ತುಂಬ ದೊಡ್ಡ ಅನ್ಯಾಯ ಮಾಡಿದೆ ಅಜ್ಜಿ."

"ತುಟಿ ಅಲ್ಲಾಡ್ತಿದೆ, ಮಾತು ಬರ್ತಿಲ್ಲ. ಜೋರಾಗಿ!"

"ಅನ್ಯಾಯ ಮಾಡಿದೆ ಅಜ್ಜಿ!" ಹೊರಗೆ ಕಾಯುತ್ತಿದ್ದವರೂ ಇಣುಕಿ ನೋಡಿದರು. ಅವಳ ಮುಖ ಕಾದ ಹೆಂಚಾಯಿತು, ಆದರೂ ತಲೆ ತಗ್ಗಿಸಲಿಲ್ಲ. "ಜೊತೆಗೆ ನಿಲ್ತೀನಿ ಅಂತ ಮಾತು ಕೊಟ್ಟಿದ್ದೆ. ನಿಲ್ಲಬೇಕಾದ ಹೊತ್ತಿಗೆ ಹೆದರಿ ಸುಳ್ಳು ಹೇಳಿದೆ. ಅವರ ಮುಖ ನೋಡೋಕೂ ಧೈರ್ಯ ಬರಲಿಲ್ಲ. ಕಾರಿನ ವೈರು ತುಂಡಾಗಿತ್ತು. ಅವರ ತಪ್ಪು ಏನೂ ಇರಲಿಲ್ಲ. ಇವತ್ತು ಇನ್ಸ್‌ಪೆಕ್ಟರಿಗೆ ಎಲ್ಲಾ ಹೇಳಿ ಬಂದೆ. ಅವರ ಫೇಲು ರದ್ದಾಯ್ತು. ಅವರು ಕ್ಷಮಿಸ್ಲಿ ಅಂತ ಬಂದಿಲ್ಲ. ಅವರಿಗೆ ಗೊತ್ತಾಗ್ಲಿ ಅಂತ ಬಂದೆ."

"ಒಂದೊಂದು ಅಕ್ಷರವೂ ಕೇಳಿಸ್ತು" ಎಂದರು ಅಜ್ಜಿ, ಅವನ ಕಡೆ ತಿರುಗಿ. "ನಿನಗೆ?"

ಅವನು ಅಜ್ಜಿಯನ್ನು ಕೈಹಿಡಿದು ಹೊರಗೆ ಕೂರಿಸಿ ಬಂದ. ಬಾಗಿಲು ಮುಚ್ಚಿ ಅದಕ್ಕೇ ಒರಗಿ ನಿಂತ.

"ಫೇಲಾಗಿದ್ದಕ್ಕೆ ನನಗೆ ಬೇಜಾರಾಗಲಿಲ್ಲ ಮೇಡಂ. ನನ್ನನ್ನೊಂದು ಮಾತು ಕೇಳಿದ್ರೆ ನಾನೇ ಒಪ್ಕೊತಿದ್ದೆ, ನಿಮ್ಮ ಸ್ಕೂಲಿಗೋಸ್ಕರ. ನೀವು ಕೇಳಲಿಲ್ಲ. ನಾನು ಅಲ್ಲಿ ಇಲ್ಲವೇ ಇಲ್ಲ ಅನ್ನೋ ಹಾಗೆ ಮಾತಾಡಿದ್ರಿ."

"ಹೌದು" ಎಂದಳು. ಕಣ್ಣೀರು ಒರೆಸಿಕೊಳ್ಳಲಿಲ್ಲ. ಸಮರ್ಥನೆ ಹೇಳಲಿಲ್ಲ. "ಹೌದು."

ಅವನ ದನಿ ಮೆತ್ತಗಾಯಿತು. "ಟೆಸ್ಟು ಯಾವತ್ತು?"

ಕಾರಿನ ತಪಾಸಣೆ ಮುಗಿದ ಮೇಲೆ ಟೆಸ್ಟು ನಡೆಯಿತು. ಸೀಟು ಪೂರ್ತಿ ಹಿಂದೆ, ಮಂಡಿ ಸ್ಟಿಯರಿಂಗಿಗೆ. ದಿಬ್ಬವನ್ನು ಕಾರು ನೀರು ಕುಡಿದಷ್ಟು ಸಲೀಸಾಗಿ ಹತ್ತಿ ಇಳಿಯಿತು. ಇನ್ಸ್‌ಪೆಕ್ಟರ್ 'ಪಾಸ್' ಎಂದು ತಲೆಯಾಡಿಸಿದರು. ನರ್ಸು ಚಪ್ಪಾಳೆ ತಟ್ಟಿದಳು. ಅಪ್ಪ ಕುಂಟುತ್ತಾ ಹೋಗಿ ಅವನ ಕೈಕುಲುಕಿ, "ನಮ್ಮದು ತಪ್ಪಾಯ್ತಪ್ಪ" ಎಂದರು.

ಅವಳು ಮಾತ್ರ ಬೇಲಿಯ ಹತ್ತಿರವೇ ನಿಂತಿದ್ದಳು. ಅವನೇ ಬಂದ.

"ಒಂದು ವಿಷಯ ಹೇಳ್ಬೇಕು. ಹೇಳೋಕೆ ನನಗೂ ನಾಚಿಕೆ."

"ನಿಮಗೆಂಥ ನಾಚಿಕೆ?"

"ಮೊದಲನೇ ಸಲ ಫೇಲಾದಾಗ ಒಂದು ಕ್ಷಣ ಖುಷಿಯಾಗಿತ್ತು. ಇನ್ನೂ ಸ್ವಲ್ಪ ದಿನ ನಿಮ್ಮ ಕ್ಲಾಸಿಗೆ ಬರಬಹುದಲ್ಲ ಅಂತ."

"ಹಾಗಾದ್ರೆ ನಾನೂ ಹೇಳ್ತೀನಿ... ನಿಮ್ಮ ಕ್ಲಾಸನ್ನ ಕೊನೇಗೆ ಇಟ್ಟಿದ್ದು ಬೇಕೂಂತಲೇ. ನೀವಂದ್ರೆ ನನಗೆ ಇಷ್ಟ. ಅವತ್ತೂ ಇಷ್ಟವೇ ಇತ್ತು. ಇಷ್ಟ ಇದ್ದೂ ಹಾಗೆ ಮಾಡಿದೆನಲ್ಲ, ಅದಕ್ಕೇ ನನ್ನನ್ನ ಕಂಡ್ರೆ ನನಗೇ ಆಗ್ತಿಲ್ಲ."

ಅವನು ಅವಳನ್ನೇ ನೋಡಿದ. ಈ ಸಲ ಅವಳು ಕಣ್ಣು ತಪ್ಪಿಸಲಿಲ್ಲ.

"ನನಗೂ ಇಷ್ಟ" ಎಂದ. "ಸಿಟ್ಟು ಬಂದಾಗಲೂ ಅದು ಹೋಗಲಿಲ್ಲ. ಪ್ರಯತ್ನ ಮಾಡಿ ನೋಡಿದೆ."

ಅವಳು ಅಳುತ್ತಲೇ ನಕ್ಕಳು. ಆಮೇಲೆ ಮೆಲ್ಲಗೆ ಕೇಳಿದಳು. "ನನ್ನ ಮೇಲೆ ನಂಬಿಕೆ... ಮತ್ತೆ ಬರುತ್ತಾ?"

ಅವನು ಸುಳ್ಳು ಹೇಳಲಿಲ್ಲ. "ಒಂದೇ ಸಲಕ್ಕೆ ಬರಲ್ಲ. ದಿನಾ ಸ್ವಲ್ಪ ಸ್ವಲ್ಪ ಬರುತ್ತೆ."

"ಹಾಗಾದ್ರೆ ದಿನಾ ಬಂದು ನಿಮ್ಮನ್ನ ನೋಡ್ತೀನಿ."

"ಬನ್ನಿ." ಅವನು ಅವಳ ಕೈಯನ್ನು ತನ್ನ ಅಂಗೈಯೊಳಗೆ ತೆಗೆದುಕೊಂಡ. "ನನಗೇನೂ ಅವಸರ ಇಲ್ಲ."